ಬಂದೂಕಿನ ಬಳೆ

ಅಕ್ಟೋಬರ್ 1, ಬುಧವಾರ, ಆಯುಧಪೂಜೆ

ಬೆಳಿಗ್ಗೆ ಸೋಂಪುರದ ಕಾರ್ಖಾನೆಯಲ್ಲಿ ಪೂಜೆ, ಮಧ್ಯಾಹ್ನ ದೊಡ್ಡಬಳ್ಳಾಪುರದಾಚೆ ನಮ್ಮ ಶೂಟಿಂಗ್ ಕ್ಲಬ್ಬಿನಲ್ಲಿ ಪೂಜೆ. ಎರಡೂ ಕಡೆಯ ಕಡಲೆಪುರಿ ಸೇರಿ ಬ್ಯಾಗಿನಲ್ಲಿ ಊಟದ ಡಬ್ಬಿ ಇಡಲು ಜಾಗವಿಲ್ಲ.

ಕಾರ್ಖಾನೆಯ ಅಳತೆ ಕೋಣೆ ಹದಿನಾರು ವರ್ಷದಿಂದ ನನ್ನ ಸುಪರ್ದಿಯಲ್ಲಿದೆ. ವರ್ನಿಯರ್, ಮೈಕ್ರೋಮೀಟರ್, ಗೇಜುಗಳನ್ನೆಲ್ಲ ಬಿಚ್ಚಿ, ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಕುಂಕುಮ ಇಡುವುದು ವರ್ಷಾ ವರ್ಷಾ ನನ್ನ ಕೆಲಸ. ಅದನ್ನು ಕೇಳಿದ್ದ ಅಪ್ಪಯ್ಯಣ್ಣನವರು, "ನಿನ್ ಕೈ ಚೊಕ್ಕ ಕಣಮ್ಮ, ಇಲ್ಲೂ ನೀನೇ ಮಾಡು" ಅಂದರು. ಸೇನೆಯಲ್ಲಿ ಹವಾಲ್ದಾರರಾಗಿದ್ದವರು, ಈಗ ಕ್ಲಬ್ಬಿಗೆ ಗುರು. ಅವರು ಹೊಗಳುವುದೇ ಅಪರೂಪ. ನಾನು ಹೊಡೆಯುವ ನಾಲ್ಕನೇ ನಂಬರಿನ ರೈಫಲ್ಲಿನ ಮೇಲಿಂದ ಗುರಿ ನೋಡುವ ಸ್ಕೋಪ್ ಇಳಿಸಿ, ಅದನ್ನು ಕಚ್ಚಿ ಹಿಡಿಯುವ ಎರಡು ರಿಂಗುಗಳನ್ನು ಬಿಚ್ಚಿ, ಒಂದೊಂದು ಸ್ಕ್ರೂವನ್ನೂ ಬಿಡದೆ ಒರೆಸಿ ಎಣ್ಣೆ ಹಚ್ಚಿದೆ. ಕ್ಲಬ್ಬಿನ ಹುಡುಗ ಮನೋಹರ್ ತನ್ನ ಸ್ವಂತ ರೈಫಲ್ ತಂದು ಮುಂದಿಟ್ಟ. "ಅಕ್ಕ, ನಂದೂ ಹಂಗೇ ಮಾಡ್ಬಿಡಿ, ನಿಮ್ಗೆ ಪುಣ್ಯ ಬರುತ್ತೆ." ಅದಕ್ಕೂ ಮಾಡಿದೆ.

ಮಂಗಳಾರತಿ ಆದಮೇಲೆ ಅಪ್ಪಯ್ಯಣ್ಣನವರು ವಿಷಯ ಹೇಳಿದರು. ಜನವರಿಯಲ್ಲಿ ರಾಜ್ಯ ಮಟ್ಟದ ಸ್ಪರ್ಧೆ, ಮುನ್ನೂರು ಮೀಟರ್, ಕ್ಲಬ್ಬಿನಿಂದ ಮೂವರು. ಇಬ್ಬರು ಆಗಲೇ ಆಯ್ಕೆಯಾಗಿದ್ದಾರೆ. ಮೂರನೆಯ ಜಾಗಕ್ಕೆ ನಾನು, ಮನೋಹರ್. ಡಿಸೆಂಬರ್ ಹದಿನಾಲ್ಕಕ್ಕೆ ಇಪ್ಪತ್ತು ಗುಂಡು, ಯಾರು ಹೆಚ್ಚೋ ಅವರು.

ಇಪ್ಪತ್ತೆರಡು ವರ್ಷದ ಹಿಂದೆ ಇಂಥದ್ದೇ ಒಂದು ಡಿಸೆಂಬರು. ಎನ್‌ಸಿಸಿಯಲ್ಲಿ ದೆಹಲಿಯ ಶೂಟಿಂಗ್ ಕ್ಯಾಂಪಿಗೆ ಆಯ್ಕೆಯಾಗಿದ್ದೆ. ಅದೇ ವಾರಕ್ಕೆ ಮದುವೆ ಗೊತ್ತಾಯಿತು. "ಮುಹೂರ್ತ ಮುಂದಕ್ಕಾಕಕ್ಕೆ ಆಗಲ್ಲ" ಎಂದು ಗಂಡಿನ ಕಡೆಯಿಂದ ಹೇಳಿ ಕಳಿಸಿದವರು ಅಮ್ಮಯಮ್ಮ, ನಮ್ಮತ್ತೆ. ಈಗ ಒಳಗಿನ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾರೆ. ಆಮೇಲೆ ನಾನು ರೈಫಲ್ ಮುಟ್ಟಿದ್ದು ಮೂರು ವರ್ಷದ ಹಿಂದೆ, ಮಗಳು ಹಾಸ್ಟೆಲ್ ಸೇರಿದ ಮೇಲೆ. ಈ ಸಲ ಹೋಗಲೇಬೇಕು ಅಂತಿದೆ. ಆಸೆ ಅಷ್ಟೇ, ಹಟ ಏನಿಲ್ಲ.

ಕ್ಯಾಲೆಂಡರಿನ ಡಿಸೆಂಬರ್ ಹಾಳೆ ಎತ್ತಿ ಹದಿನಾಲ್ಕರ ಮನೆಯಲ್ಲಿ ಪೆನ್ಸಿಲಿನಿಂದ ಸಣ್ಣಗೆ ಗುರುತು ಹಾಕಿದ್ದೇನೆ. ಆವತ್ತು ಮನೆಯಲ್ಲಿ ಏನಾದರೂ ಇದ್ದರೆ ಅಳಿಸಬಹುದು. ಇವರನ್ನು ಒಳ್ಳೆ ಹೊತ್ತು ನೋಡಿ ಕೇಳಬೇಕು.

ಅಕ್ಟೋಬರ್ 5, ಭಾನುವಾರ

ಹೋದ ತಿಂಗಳು ಹತ್ತು ಗುಂಡಿನ ತೂತುಗಳನ್ನು ಒಂದು ಅಂಗೈಯಲ್ಲಿ ಮುಚ್ಚಬಹುದಿತ್ತು. ಇವತ್ತು ಊಟದ ತಟ್ಟೆ ಬೇಕು. ಒಂದು ಮೇಲೆ, ಒಂದು ಎಡಕ್ಕೆ, ಎರಡು ಸರಿ, ಮತ್ತೊಂದು ಎತ್ತಲೋ. ಪ್ರತಿ ಸಲವೂ "ಸಾರಿ ಸಾರ್" ಅಂದೆ. ಯಾರಿಗೆ, ಯಾಕೆ ಅಂತ ಗೊತ್ತಿಲ್ಲ.

ಇನ್ನೊಂದು ತೊಂದರೆ. ಸ್ಕೋಪಿನ ಅಂಚಿನಲ್ಲಿ ಕಪ್ಪು ನೆರಳು ಕಾಣುತ್ತದೆ. ಕತ್ತು ಮುಂದೆ ಚಾಚಿದರೆ ಹೋಗುತ್ತದೆ. ಅಪ್ಪಯ್ಯಣ್ಣನವರಿಗೆ ಹೇಳಿದೆ. "ನಲವತ್ತು ದಾಟ್ತಲ್ಲಮ್ಮ, ಚಾಳೀಸು ಬಂದಿರ್ತದೆ" ಅಂದರು.

ಮನೋಹರನ ಗುಂಡುಗಳೂ ಚೆಲ್ಲಾಪಿಲ್ಲಿ. ಗಾಳಿ ಸರಿಯಿರಲಿಲ್ಲ ಎಂದು ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ.

ಅಕ್ಟೋಬರ್ 11, ಶನಿವಾರ

ಕಣ್ಣು ಪರೀಕ್ಷೆ ಮಾಡಿಸಿದೆ. ಹೋದ ವರ್ಷ ಮಾಡಿಸಿದ ಕನ್ನಡಕವೇ ಸರಿಯಾಗಿದೆಯಂತೆ. "ಇನ್ನೇನ್ ಸಮಸ್ಯೆ ಮೇಡಂ?" ಎಂದು ಕೇಳಿದ ಹುಡುಗಿಗೆ ಗುಂಡು ಗುರಿ ತಪ್ಪುತ್ತಿದೆ ಎಂದು ಹೇಳಲು ನಾಚಿಕೆಯಾಗಿ, ಸೂಜಿಗೆ ದಾರ ಪೋಣಿಸಲು ಕಷ್ಟ ಅಂದೆ.

ಅಕ್ಟೋಬರ್ 12, ಭಾನುವಾರ

ಕಣ್ಣಲ್ಲದಿದ್ದರೆ ಉಸಿರು ಅಂದರು ಅಪ್ಪಯ್ಯಣ್ಣ. ಉಸಿರು ಹಿಡಿದು ಹೊಡೆದೆ, ಬಿಟ್ಟು ಹೊಡೆದೆ, ಅರ್ಧ ಬಿಟ್ಟು ಹೊಡೆದೆ. ಮೂರೂ ತಟ್ಟೆಯೇ.

ನನಗೆ ರಿಂಗುಗಳ ಮೇಲೆ ಅನುಮಾನ. ಸ್ಕ್ರೂಗಳು ಬಿಗಿಯಾಗಿಯೇ ಇವೆ, ನೋಡಿದೆ. ಆದರೂ ಹಳೇ ಅಲ್ಯೂಮಿನಿಯಂ ಜೋಡಿ, ಎಷ್ಟು ಕೈ ದಾಟಿ ಬಂದಿದೆಯೋ. ಬದಲಾಯಿಸಲೇ ಎಂದು ಕೇಳಿದ್ದೇ ತಪ್ಪಾಯಿತು. ಒಬ್ಬರು ಎತ್ತರದ್ದು ಹಾಕು, ಕತ್ತಿಗೆ ಆರಾಮ ಅಂದರು. ಒಬ್ಬರು ಗಿಡ್ಡದ್ದೇ ಹಾಕು ಅಂದರು. ಒಬ್ಬರು ರಿಂಗೇ ಬೇಡ, ಎರಡೂ ಸೇರಿ ಒಂದೇ ತುಂಡಾಗಿ ಬರುತ್ತದೆ, ಅದನ್ನು ಹಾಕು ಅಂದರು. ಎಲ್ಲವನ್ನೂ ಬರೆದುಕೊಂಡೆ. ಹತ್ತು ಜನರ ಕೈಲಿ ಹಾವು ಸಾಯಲ್ಲ ಅಂತ ಅಜ್ಜಿ ಹೇಳುತ್ತಿದ್ದರು. ಕಡೆಗೆ ಮನೋಹರ್, "ನನ್ಹತ್ರ ಒಂದ್ ಜೊತೆ ಎಕ್ಸ್ಟ್ರಾ ಬಿದ್ದೈತೆ ಅಕ್ಕ, ಫಾರಿನ್ನು, ತಗೊಳಿ" ಎಂದು ಕೈಗಿಟ್ಟ. ಬೇಡ ಅನ್ನಲಾಗದೆ ತಂದಿದ್ದೇನೆ. ಒಳ್ಳೆಯ ಹುಡುಗ, ಪ್ರತಿಸ್ಪರ್ಧಿ ಅನ್ನುವುದನ್ನೂ ಮರೆತು ಕೊಟ್ಟ.

ಅಕ್ಟೋಬರ್ 20, ಸೋಮವಾರ, ದೀಪಾವಳಿ

ಅತ್ತೆಗೆ ಎಣ್ಣೆ ತಿಕ್ಕುವಾಗ ಅವರ ಕಣ್ಣು ಕಿಟಕಿಯ ಮೇಲಿಟ್ಟಿದ್ದ ರಿಂಗಿನ ಡಬ್ಬಿಯ ಮೇಲೆ. "ಅದೇನೇ ಅದು?" ಬಂದೂಕಿನ ದುರ್ಬೀನು ಕೂರಿಸುವುದು ಅಂದೆ. "ಸರಿ ಬಿಡು, ಬಂದೂಕಕ್ಕೂ ಬಳೆ ತೊಡ್ಸೋ ಕಾಲ ಬಂತು." ಆಮೇಲೆ ಹಬ್ಬಕ್ಕೆ ಬಂದವರಿಗೆಲ್ಲ ಅದನ್ನೇ ಹೇಳಿ ನಗಿಸಿದರು. ನಾನೂ ನಕ್ಕೆ. ಒಳಗೆ ಸ್ವಲ್ಪ ಉರಿಯಿತು.

ಅಕ್ಟೋಬರ್ 26, ಭಾನುವಾರ

ಮನೋಹರನ ರಿಂಗು ನನಗಾಗುವುದಿಲ್ಲ. ಸ್ಕೋಪಿನ ಕೊಳವೆ ಮೂವತ್ತು ಮಿಲಿಮೀಟರ್, ಈ ರಿಂಗಿನ ಒಳಗಾತ್ರ ಮೂವತ್ತನಾಲ್ಕು. ಸಂದಿಗೆ ಪ್ಲಾಸ್ಟಿಕ್ ಪಟ್ಟಿ ಸುತ್ತಬೇಕಂತೆ. ದೊಡ್ಡವರ ಚಪ್ಪಲಿಗೆ ಕಾಗದ ತುರುಕಿ ಮಗುವಿಗೆ ಹಾಕಿದ ಹಾಗೆ. ಎತ್ತರವೂ ಹೆಚ್ಚು. ಕೆನ್ನೆ ಮರದ ಹಿಡಿಗೆ ತಾಗದೆ ಗಾಳಿಯಲ್ಲಿ ನಿಲ್ಲುತ್ತದೆ. ಕೆನ್ನೆಗೆ ಆಸರೆ ಇಲ್ಲದ ಮೇಲೆ ಕಣ್ಣು ಒಂದೇ ಕಡೆ ಹೇಗೆ ನಿಂತೀತು?

ಸರಿಯಾದ ಎತ್ತರ ಕಂಡುಕೊಳ್ಳುವುದು ಕಷ್ಟವೇನಲ್ಲ. ಸ್ಕೋಪಿನ ಮುಂದಿನ ಅಗಲವಾದ ಬಾಯಿ ನಳಿಗೆಗೆ ತಾಗಬಾರದು, ತೀರ ದೂರವೂ ಇರಬಾರದು. ಎರಡು ಲಗ್ನಪತ್ರಿಕೆ ಜಾರಿಸುವಷ್ಟು ಸಂದಿ ಸಾಕು. ಬ್ಯಾಗಿನಲ್ಲಿ ಲಗ್ನಪತ್ರಿಕೆಗಳಿಗೇನು ಬರ, ಈ ತಿಂಗಳು ನಾಲ್ಕು ಮದುವೆ. ಅಳೆದು ಲೆಕ್ಕ ಹಾಕಿದೆ: ಗಿಡ್ಡ ರಿಂಗು, ಉಕ್ಕಿನದು, ಮೂವತ್ತು ಮಿಲಿಮೀಟರ್. ಅಪ್ಪಯ್ಯಣ್ಣನವರಿಗೆ ಚೀಟಿ ತೋರಿಸಿದೆ. ಓದದೆಯೇ "ನೋಡಮ್ಮ, ನಿನ್ನಿಷ್ಟ" ಅಂದರು.

ನವೆಂಬರ್ 1, ಶನಿವಾರ

ರಜೆ. ಇವರನ್ನು ಕರೆದುಕೊಂಡು ಬೆಂಗಳೂರಿನ ಅಂಗಡಿಗೆ ಹೋದೆ. ಅಂಗಡಿಯವನು ನನ್ನನ್ನು ದಾಟಿ ಇವರನ್ನು ಕೇಳಿದ: "ಸಾರ್‌ಗೆ ಯಾವ್ದು ತೋರಿಸ್ಲಿ?"

"ನಂಗೇನ್ ಗೊತ್ತಪ್ಪಾ. ನಾನು ಡೇರೀಲಿ ಹಾಲು ಅಳೆಯೋನು. ಅವ್ಳನ್ ಕೇಳು" ಅಂದರು ಇವರು.

ನಾಲ್ಕು ಡಬ್ಬಿ ತೆಗೆಸಿದೆ. ಬ್ಯಾಗಿನಿಂದ ನನ್ನ ವರ್ನಿಯರ್ ತೆಗೆದು ಅಡ್ಡಕ್ಕೂ ಉದ್ದಕ್ಕೂ ಅಳೆದೆ. ಒಂದು ಜೋಡಿ ದುಂಡಗಿರಲಿಲ್ಲ, ಕೂದಲೆಳೆಯಷ್ಟು ಚಪ್ಪಟೆ. ಪಕ್ಕಕ್ಕಿಟ್ಟೆ. ಇನ್ನೊಂದರ ಎರಡು ರಿಂಗಿನ ಎತ್ತರ ಒಂದೇ ಇರಲಿಲ್ಲ. ಅದನ್ನೂ ಇಟ್ಟೆ. ಮೂರನೆಯದು ಸರಿಯಿತ್ತು. ಅಂಗಡಿಯವನು ಅಷ್ಟು ಹೊತ್ತಿಗೆ ಇವರ ಕಡೆ ನೋಡುವುದನ್ನು ಬಿಟ್ಟು, ನನಗೊಂದು ಕುರ್ಚಿ ಹಾಕಿಸಿದ್ದ.

ಬರುವಾಗ ಯಲಹಂಕದಲ್ಲಿ ದೋಸೆ ತಿಂದೆವು. ಡಿಸೆಂಬರ್ ಹದಿನಾಲ್ಕರ ವಿಷಯ ಕೇಳಿದೆ. "ಹೋಗು, ಅದ್ರಲ್ಲಿ ಕೇಳೋದೇನು" ಅಂದರು. ಒಂದು ತಿಂಗಳು ಸುಮ್ಮನೆ ಹೊಂಚು ಹಾಕಿದೆ.

ನವೆಂಬರ್ 2, ಭಾನುವಾರ

ಹೊಸ ರಿಂಗು ಕೂರಿಸಿದೆ. ಉಕ್ಕಲ್ಲವೇ, ತುಕ್ಕು ಹಿಡಿಯಬಾರದೆಂದು ಒಳಗೂ ಹೊರಗೂ ತೆಳ್ಳಗೆ ಎಣ್ಣೆ ಸವರಿಯೇ ಕೂರಿಸಿದ್ದು. ಕಪ್ಪು ನೆರಳು ಹೋಯಿತು. ಮೊದಲ ಐದು ಗುಂಡು ಒಂದೇ ಕಡೆ, ಅಂಗೈಗಿಂತ ಚಿಕ್ಕ ಜಾಗ. ಎದ್ದು ಕುಣಿಯುವುದೊಂದು ಬಾಕಿ. ಆಮೇಲೆ ರೇಂಜು ಬೇರೆಯವರಿಗೆ ಬಿಡಬೇಕಾಯಿತು.

ನವೆಂಬರ್ 9, ಭಾನುವಾರ

ಮತ್ತೆ ತಟ್ಟೆ. ಮತ್ತೆ ಆ ಕಪ್ಪು ನೆರಳು. ಹೊಸ ರಿಂಗು ಹಾಕಿದ ಮೇಲೂ ಹೀಗಾದರೆ ಉಳಿದದ್ದು ನಾನೊಬ್ಬಳೇ ಅಲ್ಲವೇ? ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು.

ಮನೋಹರ್ ಗುಂಡಿನ ಕಂಪನಿ ಬದಲಾಯಿಸುತ್ತಾನಂತೆ.

ನವೆಂಬರ್ 16, ಭಾನುವಾರ

ಅಪ್ಪಯ್ಯಣ್ಣನವರು ಚಹಾ ಕೊಡಿಸಿ ಹೇಳಿದರು. "ಬೇಜಾರ್ ಮಾಡ್ಕೋಬೇಡ ತಾಯಿ. ಈ ವರ್ಷ ಮನೋಹರ್ ಹೋಗ್ಲಿ. ಎಲ್ಲಾರ್ ಮುಂದೆ ಸೋತು ಯಾಕ್ ನೊಂದ್ಕೋತೀಯ?"

ಯೋಚಿಸಿ ಹೇಳುತ್ತೇನೆ ಅಂದೆ. ಮುಂದಿನ ಭಾನುವಾರ ಹೇಗೂ ಸೀಮಂತ ಇದೆ.

ಬಸ್ಸಿನಲ್ಲಿ ಅತ್ತುಬಿಟ್ಟೆ.

ನವೆಂಬರ್ 23, ಭಾನುವಾರ

ರಾಜಘಟ್ಟದಲ್ಲಿ ನಾದಿನಿಯ ಮಗಳು ಕೀರ್ತನಳ ಸೀಮಂತ. ನನ್ನ ಮುಖ ನೋಡಿದವರು ಸೀಮಂತವೋ ತಿಥಿಯೋ ಎಂದುಕೊಳ್ಳಬೇಕು, ಹಾಗಿತ್ತು.

ಬಳೆ ತೊಡಿಸಲು ಬೈರಮ್ಮ ಬಂದಿದ್ದರು. ಸುತ್ತಮುತ್ತಲಿನ ಹೆಣ್ಣುಮಕ್ಕಳ ಕೈಯ ಅಳತೆಯೆಲ್ಲ ಬಾಯಿಪಾಠ ಇರುವಾಕೆ. ಕೀರ್ತನಳ ಕೈ ಊದಿಕೊಂಡು ಹಸಿರು ಗಾಜಿನ ಬಳೆ ಗೆಣ್ಣು ದಾಟಲಿಲ್ಲ. ಬೈರಮ್ಮ ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು ಅವಳ ಕೈ ನೀವಿ, ಹೀಗೆ ಅಂದರೆ ಹೀಗೆ, ಡಜನ್ ಬಳೆ ಏರಿಸಿದರು. ಅವಳು ಆರತಿಗೆಂದು ಕೈ ಇಳಿಬಿಟ್ಟಳು. ಎರಡು ಬಳೆ ಸರ್ರನೆ ಜಾರಿ ಬೆರಳಿಗೆ ಬಂದವು.

"ಕೈ ಕೆಳಗ್ ಬಿಡ್ಬೇಡ ಕಣವ್ವ" ಅಂದರು ಬೈರಮ್ಮ. "ಜಿಡ್ಡು ಐತೆ. ಅಳತೆ ಎಷ್ಟು ಸರಿಗಿದ್ರೂ ಎಣ್ಣೆ ಇರೋಗಂಟ ಬಳೆ ನಿಲ್ಲಲ್ಲ. ಹೋಗಿ ಸೀಗೆಪುಡೀಲಿ ತೊಳ್ಕಂಬಾ, ಆಮೇಲೆ ನೋಡು."

ಕೀರ್ತನ ತೊಳೆದುಕೊಂಡು ಬಂದಳು. ಬಳೆಗಳು ಇದ್ದಲ್ಲೇ ನಿಂತವು.

ನನ್ನ ಕೈಯಲ್ಲಿ ಅಕ್ಷತೆ ಹಾಗೇ ಇತ್ತು. "ಹಾಕೇ, ಏನ್ ನೋಡ್ತಾ ನಿಂತೆ" ಎಂದು ಅತ್ತೆ ತಿವಿದ ಮೇಲೆ ಹಾಕಿದೆ.

ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ. ಮೇಲಿನ ಭಾರದ ಸ್ಕೋಪ್ ಇದ್ದಲ್ಲೇ ಇರಲು ನೋಡುತ್ತದೆ. ರಿಂಗು ಅದನ್ನು ಗಟ್ಟಿಯಾಗಿ ಹಿಡಿಯಬೇಕು. ಆ ರಿಂಗಿನ ಒಳಗೆ ನಾನು ಎಣ್ಣೆ ಸವರಿದ್ದೇನೆ. ಒಂದಲ್ಲ, ಎರಡು ಸಲ. ಅಳತೆಯ ಸಾಮಾನು ಪೆಟ್ಟಿಗೆಯಲ್ಲಿ ಮಲಗಿರುವಂಥದ್ದು, ಅದಕ್ಕೆ ಎಣ್ಣೆ ಸರಿ. ಒದೆ ತಿನ್ನುವ ಸಾಮಾನಿಗೂ ಅದೇ ಮಾಡಿದೆನಲ್ಲ. ಒಂದೊಂದು ಗುಂಡಿಗೂ ಸ್ಕೋಪ್ ಎಳ್ಳಷ್ಟೆಳ್ಳಷ್ಟು ಮುಂದೆ ಜಾರಿದೆ. ಅದಕ್ಕೇ ಕಪ್ಪು ನೆರಳು, ಅದಕ್ಕೇ ನಾನು ಕತ್ತು ಚಾಚಿದ್ದು.

ಚಾಳೀಸಂತೆ.

ನವೆಂಬರ್ 25, ಮಂಗಳವಾರ

ಮಧ್ಯಾಹ್ನ ರಜೆ ಹಾಕಿ ಕ್ಲಬ್ಬಿಗೆ ಹೋದೆ. ಸ್ಕೋಪ್ ಬಿಚ್ಚುವ ಮೊದಲು ನೋಡಿದೆ. ಕೂರಿಸಿದ ದಿನ ಬರೆದಿಟ್ಟಿದ್ದ ಅಳತೆಗಿಂತ ಮೂರು ಮಿಲಿಮೀಟರ್ ಮುಂದೆ ಇದೆ. ಮೂರು ಮಿಲಿಮೀಟರ್ ನೋಡಿ ಇಷ್ಟು ಸಂತೋಷಪಟ್ಟ ಹೆಂಗಸು ಈ ತಾಲ್ಲೂಕಿನಲ್ಲಿ ಇನ್ನೊಬ್ಬಳಿರಲಾರಳು.

ಕಾರ್ಖಾನೆಯಿಂದ ಅಸಿಟೋನ್ ತಂದಿದ್ದೆ. ಉಗುರುಬಣ್ಣ ತೆಗೆಯುವುದೂ ಅದೇ ವಸ್ತು. ರಿಂಗಿನ ಒಳಮೈ, ಸ್ಕೋಪಿನ ಹೊರಮೈ ಎರಡನ್ನೂ ಬಟ್ಟೆ ಬಿಳಿಯಾಗಿ ಉಳಿಯುವ ತನಕ ಒರೆಸಿದೆ. ಉಕ್ಕಿನ ಜೋಡಿಯನ್ನೇ ಮತ್ತೆ ಹಾಕಿದೆ. ಆರಿಸುವಾಗ ನಾನು ತಪ್ಪಿರಲಿಲ್ಲ, ಕೂರಿಸುವಾಗ ತಪ್ಪಿದ್ದೆ. ಸ್ಕ್ರೂಗಳನ್ನು ಒಂದಾದ ಮೇಲೊಂದು, ಎದುರುಬದುರಾಗಿ, ಎಷ್ಟು ಬಿಗಿ ಎಂದು ತೋರಿಸುವ ಕಾರ್ಖಾನೆಯ ಸ್ಕ್ರೂಡ್ರೈವರಿನಲ್ಲಿ ಬಿಗಿದೆ. ಮೇಲ್ವಿಚಾರಕ ಸಂಜೀವಪ್ಪನವರು ಅದಕ್ಕೆ ಗೇಟ್ ಪಾಸ್ ಬರೆಯುತ್ತ "ಮನೇಲಿ ಏನ್ ರಿಪೇರಿ ಶಶಿರೇಖಾ?" ಎಂದು ಕೇಳಿದರು. ಬಂದೂಕು ಅಂದೆ. ಇನ್ನೇನೂ ಕೇಳಲಿಲ್ಲ.

ರಿಂಗಿನ ಅಂಚಿಗೆ ಸ್ಕೋಪಿನ ಮೇಲೊಂದು ತುಂಡು ಟೇಪ್ ಅಂಟಿಸಿದ್ದೇನೆ. ಜಾರಿದರೆ ಸುಳ್ಳು ಹೇಳಲಾಗದು.

ಅಪ್ಪಯ್ಯಣ್ಣನವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಕೈಗೇ ಗೊತ್ತಾಗ್ತದಲ್ಲಮ್ಮ, ಅದ್ಯಾಕೆ ಮೀಟ್ರು?" "ಕೈಗೆ ಗೊತ್ತಾಗಲ್ಲ ಸಾರ್" ಅಂದೆ. ಕಣದಿಂದ ಹಿಂದೆ ಸರಿಯುವುದಿಲ್ಲ ಎಂದೂ ಹೇಳಿಬಂದೆ.

ನವೆಂಬರ್ 30, ಭಾನುವಾರ

ಇಪ್ಪತ್ತು ಗುಂಡು. ಅಂಗೈ ಇಟ್ಟೆ, ಎಲ್ಲವೂ ಮುಚ್ಚಿದವು. ಟೇಪು ಅಲುಗಿಲ್ಲ.

ಅಪ್ಪಯ್ಯಣ್ಣನವರು ಗುರಿಹಲಗೆಯ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಯಾಕೆಂದು ಹೇಳಲಿಲ್ಲ.

ಪಕ್ಕದಲ್ಲಿ ಮನೋಹರ್ ಹೊಸ ಕಂಪನಿಯ ಗುಂಡು ಹಾಕಿ ಹೊಡೆಯುತ್ತಿದ್ದ. ಚೆಲ್ಲಾಪಿಲ್ಲಿ. ಕತ್ತು ಮುಂದೆ ಚಾಚಿದ್ದ, ಥೇಟು ನನ್ನ ಹಾಗೆ. ಆಗ ನೆನಪಾಯಿತು. ಆಯುಧಪೂಜೆಯ ದಿನ ಅವನ ರೈಫಲ್ಲಿಗೂ ನಾನೇ ಎಣ್ಣೆ ಹಚ್ಚಿದ್ದು.

ಡಿಸೆಂಬರ್ 3, ಬುಧವಾರ

ಹೇಳದಿದ್ದರೆ ಜಾಗ ನನ್ನದು. ಅದರಲ್ಲಿ ಅನುಮಾನವಿಲ್ಲ.

ಮೂರು ದಿನದಿಂದ ಅನ್ನ ರುಚಿಸುತ್ತಿಲ್ಲ. ಇಪ್ಪತ್ತೆರಡು ವರ್ಷ ಕಾದವಳಿಗೆ ಇಷ್ಟೂ ಹಕ್ಕಿಲ್ಲವೇ ಎಂದು ಒಂದು ಮನಸ್ಸು. ಆ ಎಣ್ಣೆ ನಿನ್ನ ಕೈಯದೇ ಅಲ್ಲವೇ ಎಂದು ಇನ್ನೊಂದು. ಆವತ್ತು ನನ್ನ ಜಾಗ ಹೋದದ್ದೂ ನನ್ನ ಗುರಿ ತಪ್ಪಿದ್ದರಿಂದಲ್ಲ. ಅದೇ ಅನ್ಯಾಯವನ್ನು ನಾನು ಇನ್ನೊಬ್ಬರಿಗೆ ಮಾಡಲಾರೆ.

ಡಿಸೆಂಬರ್ 4, ಗುರುವಾರ

ಮನೋಹರನಿಗೆ ಫೋನು ಮಾಡಿ ಎಲ್ಲ ಹೇಳಿದೆ. "ಅಕ್ಕ, ಎಲ್ಡು ತಿಂಗಳಿಂದ ಗಾಳಿಗೆ ಬೈತಾ ಇದೀನಲ್ಲ ನಾನು" ಅಂದ.

ನಾಳೆ ಸಂಜೆ ಅಸಿಟೋನ್ ತೆಗೆದುಕೊಂಡು ಹೋಗುತ್ತೇನೆ. ಅವನ ರಿಂಗನ್ನು ನಾನೇ ಕೂರಿಸಿ ಕೊಡುವುದು.

ಡಿಸೆಂಬರ್ 7, ಭಾನುವಾರ

ಮನೋಹರನ ಗುಂಪು ನನ್ನದಕ್ಕಿಂತ ಚಿಕ್ಕದು. ಮಾಡಿದ್ದುಣ್ಣೋ ಮಾರಾಯ್ತಿ. ಆದರೂ ಇವತ್ತು ಎರಡು ರಾಗಿಮುದ್ದೆ ಉಂಡೆ.

ಡಿಸೆಂಬರ್ 14, ಭಾನುವಾರ

ಕೈಕಾಲು ತೊಳೆಯದೆ ನೇರ ಬರೆಯಲು ಕೂತಿದ್ದೇನೆ, ಅಕ್ಷರ ಸೊಟ್ಟಗಾದರೆ ಆಗಲಿ.

ಮನೋಹರ್ ಮೊದಲು ಹೊಡೆದ. ಇನ್ನೂರಕ್ಕೆ ನೂರಾ ಎಂಬತ್ತೊಂಬತ್ತು. ಕ್ಲಬ್ಬಿನಲ್ಲಿ ಈ ವರ್ಷ ಯಾರೂ ಅಷ್ಟು ಹೊಡೆದಿಲ್ಲ. ಎಲ್ಲರೂ ಅವನ ಬೆನ್ನು ತಟ್ಟಿದರು, ನಾನೂ ತಟ್ಟಿದೆ. ಆಮೇಲೆ ಹೋಗಿ ಮಲಗಿ ರೈಫಲ್ ಭುಜಕ್ಕೆ ಏರಿಸಿದೆ. ಕೆನ್ನೆ ಹಿಡಿಗೆ ತಾಗಿತು. ಸ್ಕೋಪಿನ ತುಂಬ ಬೆಳಕು, ಅಂಚಿನಲ್ಲಿ ಒಂದು ಚೂರು ನೆರಳಿಲ್ಲ. ಬೆಟ್ಟದ ಕಡೆಯಿಂದ ಗಾಳಿ ಎದ್ದಾಗ ಕಾದೆ. ನಿಂತಾಗ ಹೊಡೆದೆ. ಆರನೆಯ ಗುಂಡು ಎಂಟು ಅಂಕದ ವೃತ್ತಕ್ಕೆ ಬಿತ್ತು. ಅದು ನನ್ನ ತಪ್ಪು, ಗಾಳಿ ಪೂರ್ತಿ ಇಳಿಯಲು ಬಿಡಲಿಲ್ಲ. ಸಾರಿ ಅನ್ನಲಿಲ್ಲ, ಏಳನೆಯದು ಹಾಕಿಕೊಂಡೆ. ಹದಿನೈದಾದ ಮೇಲೆ ಎಣಿಸುವುದನ್ನು ಬಿಟ್ಟೆ.

ನೂರಾ ತೊಂಬತ್ತೆರಡು.

ಅಪ್ಪಯ್ಯಣ್ಣನವರು ಎರಡು ಸಲ ಕೂಡಿದರು. ಆಮೇಲೆ ಎದ್ದು ನಿಂತು ನನಗೆ ಸೆಲ್ಯೂಟ್ ಹೊಡೆದರು. ಹೊಡೆದು, ಜೇಬಿನಿಂದ ಆವತ್ತಿನ ಕಾಗದ ತೆಗೆದು ಸೂಚನಾ ಫಲಕಕ್ಕೆ ಚುಚ್ಚಿದರು. "ತಪ್ಪಾಯ್ತಮ್ಮ" ಅಂದರು. "ಬಂದೂಕ ನೋಡ್ಬೇಕಿತ್ತು, ನಿನ್ ವಯಸ್ಸು ನೋಡ್ದೆ."

ಮನೋಹರ್ ಬಂದು ಕೈಕುಲುಕಿದ. "ನೀವು ಹೇಳ್ದೆ ಸುಮ್ನಿದ್ದಿದ್ರೆ ಆರಾಮಾಗಿ ಗೆಲ್ತಿದ್ರಿ ಅಕ್ಕ."

"ಆಗ ನಾನು ಗೆದ್ದಿದ್ದು ಎಣ್ಣೆ ಮೇಲೆ ಆಗ್ತಿತ್ತು ಕಣೋ, ನಿನ್ ಮೇಲಲ್ಲ" ಅಂದೆ.

ಬರುವಾಗ ಅಪ್ಪಯ್ಯಣ್ಣನವರು ಒಂದು ಪಟ್ಟಿ ಕೇಳಿದರು: ಕ್ಲಬ್ಬಿನ ಎಂಟು ರೈಫಲ್ಲಿಗೆ ಯಾವ್ಯಾವ ರಿಂಗು, ಎಷ್ಟೆತ್ತರ, ಎಷ್ಟು ಬಿಗಿ. ಬುಧವಾರ ಕೊಡುತ್ತೇನೆ ಅಂದಿದ್ದೇನೆ. ಮುಂದಿನ ಆಯುಧಪೂಜೆಗೂ ನಾನೇ. ಎಣ್ಣೆ ನಳಿಗೆಗೆ, ಕುಂಕುಮ ಮರದ ಹಿಡಿಗೆ, ರಿಂಗಿಗೆ ಬರೀ ಕೈಮುಗಿದರೆ ಸಾಕು.

ಡಿಸೆಂಬರ್ 21, ಭಾನುವಾರ

ಸ್ಪರ್ಧೆ ಜನವರಿ ಹದಿನೆಂಟಕ್ಕೆ. ಇವತ್ತು ಊಟಕ್ಕೆ ಕೂತಾಗ ಹೇಳಿದೆ, ಹದಿನೇಳರ ಬೆಳಿಗ್ಗೆ ಹೊರಡುತ್ತೇನೆ, ಮೂರು ದಿನ ಇರುವುದಿಲ್ಲ ಅಂತ. ಇವರು ಕೈಯಲ್ಲಿದ್ದ ತುತ್ತು ಹಾಗೇ ಹಿಡಿದುಕೊಂಡರು. "ಹದಿನೆಂಟಕ್ಕೆ ಮನೆದೇವ್ರಿಗೆ ಎಡೆ ಅಲ್ವಾ? ಅಣ್ಣ ಎಲ್ಲಾರ್ಗೂ ಹೇಳಾಗಿದೆ." ಡೇರಿಯವರು ಕೊಟ್ಟ ಹೊಸ ಕ್ಯಾಲೆಂಡರಿನಲ್ಲಿ ಆಗಲೇ ಬರೆದಿದ್ದಾರೆ. ನನಗೆ ಯಾರೂ ಹೇಳಿರಲಿಲ್ಲ.

ನಾನು ಸಾರು ಬಡಿಸುತ್ತಿದ್ದೆ, ಬಡಿಸಿದೆ. "ಆವತ್ತು ನಾನಿರಲ್ಲ" ಅಂದೆ.

ಮಾತಾಡಿದ್ದು ಅತ್ತೆ. "ಮುಂದಕ್ಕಾಕ್ಸೋ ವೆಂಕಟರಮಣ."

"ಅಮ್ಮ, ದೇವ್ರ ಕೆಲ್ಸ. ಅಣ್ಣ ಏನಂತಾನೆ?"

"ನಾನ್ ಹೇಳ್ದೆ ಅನ್ನು. ದೇವ್ರೇನ್ ಊರ್ ಬಿಟ್ಟೋಯ್ತಾನಾ? ಮುಂದಿನ್ ವಾರ ಇಟ್ಕಳಿ." ತಟ್ಟೆಯ ಕಡೆ ನೋಡುತ್ತಲೇ ಇನ್ನೊಂದು ಮಾತು ಹೇಳಿದರು. "ಮುಂದಕ್ಕಾಕಿದ್ರೆ ಆವತ್ತೂ ಆಗ್ತಿತ್ತು. ನಂಗೆ ತಿಳೀಲಿಲ್ಲ."

ನನ್ನ ಮದುವೆ ಮುಹೂರ್ತದ ಆ ಮಾತನ್ನು ಮರೆತಿದ್ದಾರೆ ಎಂದುಕೊಂಡಿದ್ದೆ. ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿದ್ದೂ ಅವರಿಗೆ ನೆನಪಿದೆ ಎಂದು ನನಗೆ ಗೊತ್ತಿರಲಿಲ್ಲ. ಸಾರಿನ ಸೌಟು ಹಿಡಿದುಕೊಂಡೇ ಅತ್ತುಬಿಟ್ಟೆ. ಇವರು ಎದ್ದು ಹೋಗಿ ಅಣ್ಣನಿಗೆ ಫೋನು ಹಚ್ಚಿದರು.

ಊಟವಾದ ಮೇಲೆ ಅತ್ತೆ ಕ್ಯಾಲೆಂಡರಿನ ಮುಂದೆ ಹೋಗಿ ನಿಂತರು. ಅವರಿಗೆ ಓದಲು ಬರುವುದಿಲ್ಲ. ಹದಿನೆಂಟು ಯಾವ ಮನೆ ಎಂದು ಕೇಳಿ, ಅದರ ಮೇಲೆ ಬೆರಳಿಟ್ಟರು. "ಇಲ್ಲಿರೋದನ್ನ ಹೊಡೆದಾಕು. ನಿಂದು ಬರಿ."

ಪೆನ್ನಿನಲ್ಲಿ ಬರೆದೆ.